ಆಸರಿಗೆ ಏನು ಬೇಕು?

ಸುದ್ದಿ ಮೊದಲು ಕಿವಿಗೆ ಬಿದ್ದದ್ದು ಕುಮಟಾದ ಕ್ಷೌರದಂಗಡಿಯಲ್ಲಿ. ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿಸಿಕೊಂಡು ಕುಳಿತವನಿಗೆ ತಿರುಗಿ ನೋಡುವ ಸ್ವಾತಂತ್ರ್ಯ ಇರುವುದಿಲ್ಲ. ಎದುರಿನ ಕನ್ನಡಿಯಲ್ಲಿ ಕಂಡಷ್ಟೇ ಲೋಕ. ಹಿಂದಿನ ಬೆಂಚಿನಲ್ಲಿ ಪೇಪರ್ ಹಿಡಿದಿದ್ದ ಯಾರೋ ಒಬ್ಬರು, ಅದರಿಂದ ಮುಖ ಎತ್ತದೆಯೇ, "ಜ್ಯೂಸ್ ಫ್ಯಾಕ್ಟರಿ ಹೊರದೇಶಕ್ಕೆ ಹೋಗುತ್ತದಂತೆ" ಎಂದರು. ಕತ್ತರಿ ಒಂದು ಕ್ಷಣ ನಿಂತಿತು. "ಯಾವ ದೇಶ?" "ಶ್ರೀಲಂಕಾ ಎನ್ನುತ್ತಾರೆ." ಕತ್ತರಿ ಮತ್ತೆ ಶುರುವಾಯಿತು. ಸಂಜೆ ಮೀನು ಪೇಟೆಯ ಕಡೆ ಹೋದರೆ ಅದು ದುಬೈ ಆಗಿತ್ತು. ಮೂರನೆಯ ದಿನ ಶಿರಸಿಯಿಂದ ಭಾವ ಫೋನು ಮಾಡಿ, "ವಿಯೆಟ್ನಾಮಿಗೆ ಹೋಗುತ್ತದಂತಲ್ಲ, ನಿಮ್ಮ ಕಡೆಯ ಕಂಪನಿ?" ಎಂದು ಕೇಳಿದರು. ಘಟ್ಟ ಹತ್ತುವುದರೊಳಗೆ ಸುದ್ದಿ ಎರಡು ಸಮುದ್ರ ದಾಟಿತ್ತು.

ಕನ್ನಡದಲ್ಲಿ ವದಂತಿ ಹಬ್ಬಿಸಲು ಹೆಚ್ಚು ಕಷ್ಟವಿಲ್ಲ. ಕ್ರಿಯಾಪದದ ತುದಿಗೆ ಒಂದು 'ಅಂತೆ' ಅಂಟಿಸಿದರೆ ಸಾಕು, ಹೇಳಿದವನು ಹೊಣೆಯಿಂದ ಪಾರಾದ. ಹೇಳಿದ್ದು ನಾನಲ್ಲ, ಗಾಳಿ ಹೇಳಿತು. ಕೇಳಿದವನೂ ಅದನ್ನು ಮುಟ್ಟಿ ನೋಡದೆ ಹಾಗೆಯೇ ಮುಂದಕ್ಕೆ ದಾಟಿಸುತ್ತಾನೆ. ನಾನೂ ದಾಟಿಸಿದೆ. ಮನೆಗೆ ಬಂದು ಹೆಂಡತಿಗೆ ಹೇಳಿದ ಮೊದಲ ಮಾತೇ ಅದು.

ಆ ಕಂಪನಿಯ ಹೆಸರು ಇಲ್ಲಿ ಬೇಡ. ಘಟ್ಟದ ಬುಡದಲ್ಲಿ ಶೀಟಿನ ಮಾಡಿನ ಎರಡು ಶೆಡ್ಡು, ಒಂದು ನೀರಿನ ಟ್ಯಾಂಕು, ಮುಂದೆ ಮಾಸಿದ ಬೋರ್ಡು. ಹತ್ತಾರು ಜನರ ಕೆಲಸ. ಮುರುಗಲ ಹಣ್ಣಿನ ಪಾನಕವನ್ನು ಬಾಟಲಿಯಲ್ಲಿ ಮಾರಬಹುದು ಎಂದು ನಮ್ಮವರಿಗೆ ತೋರಿಸಿಕೊಟ್ಟದ್ದು ಅದು. ಕಾರವಾರದವರು ಭಿರಂಡ ಎನ್ನಲಿ, ಮಂಗಳೂರಿನವರು ಪುನರ್ಪುಳಿ ಎನ್ನಲಿ, ಪೇಟೆಯವರು ಕೋಕಂ ಎನ್ನಲಿ, ಹಣ್ಣು ಅದೇ. ನಿಜ ಹೇಳಬೇಕೆಂದರೆ ಅವರ ಪಾನಕವನ್ನು ನಾನು ಕುಡಿದು ಎರಡು ವರ್ಷವಾಗಿರಬೇಕು. ಹಾಗಿದ್ದೂ ಈ 'ಹೋಗುತ್ತದಂತೆ' ಎನ್ನುವುದು ಮೂರು ವಾರ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಕೆ ಚೂರಿನ ಹಾಗೆ ಕಾಡಿತು.

ಕಾಡಲು ಒಂದು ಕಾರಣ ಪಕ್ಕದ ಮನೆಯ ಹುಡುಗಿ. ಅವಳು ಅಲ್ಲಿಯೇ ಲೇಬಲ್ ಅಂಟಿಸುವ ಕಡೆ ಕೆಲಸ ಮಾಡುತ್ತಾಳೆ. ಹೋದ ವರ್ಷವಷ್ಟೇ ಸಾಲ ಮಾಡಿ ಸ್ಕೂಟರ್ ತೆಗೆದುಕೊಂಡಿದ್ದಾಳೆ. ನಾನು ಅಂಗಡಿಕಾರರ ಲೆಕ್ಕಪತ್ರ, ತೆರಿಗೆ ರಿಟರ್ನು ನೋಡುವ ಕಚೇರಿಯಲ್ಲಿ ಇರುವುದರಿಂದ ಕಂಪನಿಗಳ ಹೊಟ್ಟೆಯೊಳಗಿನದೆಲ್ಲ ನನಗೆ ಗೊತ್ತಿರುತ್ತದೆ ಎಂದು ಅವಳ ಲೆಕ್ಕ. ಒಂದು ಬೆಳಿಗ್ಗೆ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆಯೇ, "ಅಣ್ಣಾ, ನಿಜವೇ?" ಎಂದು ಕೇಳಿದಳು. "ಸುಳ್ಳಿರಬೇಕು ಬಿಡು" ಎಂದುಬಿಟ್ಟೆ. ನೀರು ಕೊಟ್ಟಷ್ಟು ಸಲೀಸಾಗಿ ಕೊಟ್ಟ ಉತ್ತರ. ಅವಳು ಹೋದ ಮೇಲೆ ಅನ್ನಿಸಿತು: ಯಾವ ಆಧಾರದ ಮೇಲೆ ಹೇಳಿದೆ?

ಆಧಾರ ಹುಡುಕಲು ಕುಳಿತೆ. ನಮ್ಮಂಥವರಿಗೆ ಗೊತ್ತಿರುವುದು ಒಂದೇ ದಾರಿ, ಕಾಗದದ ಮೇಲೆ ಲೆಕ್ಕ ಹಾಕುವುದು. ಪಾನಕದ ಬಾಟಲಿಯಲ್ಲಿ ಇರುವುದು ಹೆಚ್ಚಿನ ಪಾಲು ನೀರು, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಕ್ಕರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಕರಾವಳಿಗೆ ಕಡಲಾಚೆಯಿಂದ ನೀರು ಹೊತ್ತು ತಂದು ಮಾರುವುದೆಂದರೆ ಮೀನುಗಾರರಿಗೇ ಮೀನು ಮಾರಲು ಹೋದ ಹಾಗೆ. ತೆರಿಗೆಯ ಹೆದರಿಕೆಯೇ? 2025ರ ಸೆಪ್ಟೆಂಬರ್ 22ರಿಂದ ಹಣ್ಣಿನ ರಸದ ಪಾನೀಯದ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಅದೇ ರಸಕ್ಕೆ ಗ್ಯಾಸ್ ತುಂಬಿದರೆ ಮಾತ್ರ ಶೇ. 40. ಗುಳ್ಳೆಗಳಿಗೆ ಇಷ್ಟೊಂದು ದಂಡವೇ ಎಂದು ನಗು ಬಂದರೂ, ಮುರುಗಲ ಪಾನಕಕ್ಕೆ ಗುಳ್ಳೆ ಏಕೆ ಬೇಕು ಎಂದೂ ಅನ್ನಿಸುತ್ತದೆ. ದುಬೈಗೆ ಹೋದರೆ? ಯುಎಇ 2017ರಲ್ಲಿಯೇ ಗ್ಯಾಸ್ ಪಾನೀಯದ ಮೇಲೆ ಶೇ. 50 ಅಬಕಾರಿ ತೆರಿಗೆ ಹೇರಿದ ದೇಶ. ಲೆಕ್ಕದ ಪ್ರಕಾರ ಹುಡುಗಿಗೆ ನಾನು ಕೊಟ್ಟ ಉತ್ತರ ಸರಿಯೇ ಇತ್ತು. ಸಮಾಧಾನ ಮಾತ್ರ ಆಗಲಿಲ್ಲ.

ಮುಚ್ಚಿದ ಭರಣಿ

ನಮ್ಮ ಊರಿನ ಮನೆಗಳಲ್ಲಿ ಬಂದವರನ್ನು ಮೊದಲು ಕೇಳುವುದು "ಆಸರಿಗೆ ಏನು ಬೇಕು?" ಎಂದು. ಊಟವಾಯಿತೇ, ಹೇಗಿದ್ದೀರಿ ಎಲ್ಲ ಆಮೇಲೆ. ಬಾಯಾರಿ ಬಂದವರಿಗೆ ಕುಡಿಯಲು ಕೊಡುವ ಯಾವುದಾದರೂ ಆಸರಿಯೇ: ನೀರು ಬೆಲ್ಲ, ಮಜ್ಜಿಗೆ, ಚಹಾ. ಆದರೆ ಏಪ್ರಿಲ್ ಮೇ ತಿಂಗಳಿನಲ್ಲಿ ಆಸರಿ ಎಂದರೆ ಮುರುಗಲು. ಅಂಚೆಯವನಿಗೂ ಅದೇ, ಅಡಕೆ ವ್ಯಾಪಾರಿಗೂ ಅದೇ, ಹೆಣ್ಣು ನೋಡಲು ಬಂದವರಿಗೂ ಅದೇ. ಆಯಿ, ಅಂದರೆ ನನ್ನ ಅಮ್ಮ, ಹಣ್ಣುಗಳನ್ನು ತೊಳೆದು, ನೆರಳಿನಲ್ಲಿ ಒರೆಸಿ, ಒಂದೊಂದನ್ನೇ ಅಡ್ಡಕ್ಕೆ ಕೊಯ್ದು, ಬೀಜದ ಗುಂಪನ್ನು ಹೆಬ್ಬೆರಳಿನಲ್ಲಿ ಕಿತ್ತು ಬೇರೆ ಪಾತ್ರೆಗೆ ಹಾಕುತ್ತಿದ್ದಳು. ಬಟ್ಟಲಿನಂತೆ ಉಳಿದ ಸಿಪ್ಪೆಗೆ ಸಕ್ಕರೆ ತುಂಬಿ ಭರಣಿಯೊಳಗೆ ಜೋಡಿಸುವುದು ನನ್ನ ಕೆಲಸ. ಕವುಚಿ ಇಟ್ಟರೆ ಬೈಗುಳ. ಸಕ್ಕರೆ ಚೆಲ್ಲಿದರೆ ಇರುವೆಗಳ ಮೆರವಣಿಗೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ಅಂಗಳದ ಕಟ್ಟೆಯ ಮೇಲೆ ಬಿಸಿಲಿಗಿಟ್ಟರೆ ಎರಡನೆಯ ದಿನಕ್ಕೆ ತಳದಲ್ಲಿ ಒಂದು ಬೆರಳು ಕೆಂಪು ನಿಲ್ಲುತ್ತಿತ್ತು, ವಾರಕ್ಕೆ ಭರಣಿ ಅರ್ಧ. ಬೆರಳುಗಳ ತುದಿ ಮೇ ಮುಗಿಯುವವರೆಗೆ ನೇರಳೆ.

ಒಮ್ಮೆ, ನಾನು ಐದನೆಯ ತರಗತಿ ಇರಬೇಕು, ಮಧ್ಯಾಹ್ನ ಮೋಡ ಕವಿದು ನೋಡುನೋಡುತ್ತಿದ್ದಂತೆ ಅಡ್ಡಮಳೆ ಹೊಡೆಯಿತು. ಆಯಿ ಕೊಟ್ಟಿಗೆಯಲ್ಲಿದ್ದಳು. ಭರಣಿ ಒಳಗೆ ತರಬೇಕಾದವನು ನಾನು. ಮಳೆಯಲ್ಲಿ ಕುಣಿಯುತ್ತಿದ್ದವನೂ ನಾನೇ. ಭರಣಿಗೆ ನೀರು ಬಿತ್ತು. ಆಯಿ ಬೈಯಲಿಲ್ಲ, ಬಟ್ಟೆ ಬಿಚ್ಚಿ ಮೂಸಿ ನೋಡಿದಳು, "ಇದು ಉಳಿಯುವುದಿಲ್ಲ" ಎಂದು ಅಂದು ಸಂಜೆಯೇ ಓಣಿಯವರಿಗೆಲ್ಲ ಹಂಚಿಬಿಟ್ಟಳು. ಆ ವರ್ಷ ನಮ್ಮ ಮನೆಗೆ ಬಂದವರಿಗೆ ಬೆಲ್ಲ ನೀರೇ ಗತಿಯಾಯಿತು. ಬೀಜ ಮಾತ್ರ ಕೆಡಲಿಲ್ಲ. ಅದನ್ನು ಒಣಗಿಸಿ, ಕುಟ್ಟಿ, ಕುದಿಸಿ ತೆಗೆದ ತುಪ್ಪವನ್ನು ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚಿಕೊಂಡೆವು.

ಈ ಹಣ್ಣಿನ ಸ್ವಭಾವವೇ ಹಾಗೆ. ಒಂದೂವರೆ ತಿಂಗಳ ಆಟ. ಮಳೆ ಬಿದ್ದರೆ ಮರದ ಬುಡದಲ್ಲೇ ನೀರಾಗುತ್ತದೆ. ಹನ್ನೆರಡು ತಿಂಗಳು ಓಡಬೇಕಾದ ಯಂತ್ರಕ್ಕೂ ಒಂದೂವರೆ ತಿಂಗಳ ಹಣ್ಣಿಗೂ ಕೂಡಿಬರುವುದು ಕಷ್ಟ ಎಂಬ ಸಣ್ಣ ಸಂಗತಿ ನನಗೆ ಹೊಳೆದದ್ದು ಬಹಳ ತಡವಾಗಿ.

ಹೋದವರು, ಬಂದವರು

ಪಾನೀಯದ ಕಂಪನಿ ದೇಶ ಬಿಡುವುದು ನಮ್ಮ ತಲೆಮಾರಿಗೆ ಹೊಸದೇನಲ್ಲ. 1977ರಲ್ಲಿ ಕೋಕಾ ಕೋಲಾ ಗಂಟುಮೂಟೆ ಕಟ್ಟಿತು. ವಿದೇಶಿ ಪಾಲನ್ನು ಶೇ. 40ಕ್ಕೆ ಇಳಿಸಿ, ತಯಾರಿಕೆಯ ಗುಟ್ಟನ್ನೂ ಹಂಚಿಕೊಳ್ಳಿ ಎಂದು ಆಗಿನ ಜನತಾ ಸರ್ಕಾರ ಪಟ್ಟು ಹಿಡಿದಿತ್ತು, ಅವರು ಒಪ್ಪಲಿಲ್ಲ. ಸರ್ಕಾರ ಮಾಡರ್ನ್ ಬೇಕರೀಸ್‌ನಿಂದ ಡಬಲ್ ಸೆವೆನ್ ಮಾಡಿಸಿತು. ಪಾರ್ಲೆಯವರು ಥಮ್ಸ್ ಅಪ್ ತಂದರು. ಆದರೆ ನಾನು ಕಂಡದ್ದು, ಜಾತ್ರೆಯಲ್ಲಿ ಅಪ್ಪನ ಕೈ ಹಿಡಿದು ಕೇಳಿದ್ದು ಗೋಲ್ಡ್ ಸ್ಪಾಟ್. ಕುಡಿದರೆ ನಾಲಿಗೆ ಕಿತ್ತಳೆ, ಖರ್ಚಿಗೆ ಅಪ್ಪನ ಮುಖ ಕೆಂಪು. 1993ರಲ್ಲಿ ಕೋಕಾ ಕೋಲಾ ಮರಳಿ ಬಂದು ಪಾರ್ಲೆಯಿಂದ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲವನ್ನೂ ಕೊಂಡುಕೊಂಡಿತು. ಗೋಲ್ಡ್ ಸ್ಪಾಟ್ ಮೆಲ್ಲಗೆ ಅಂಗಡಿಗಳಿಂದ ಮರೆಯಾಯಿತು, ಥಮ್ಸ್ ಅಪ್ ಉಳಿಯಿತು. ಯಂತ್ರ ಒಂದಿಂಚೂ ಕದಲದೆ, ಅದೇ ಊರಿನ ನೀರನ್ನೇ ತುಂಬಿಸುತ್ತ, ಒಂದು ಪಾನೀಯ ಪರದೇಶಿಯಾಗಬಹುದು ಎಂದು ಆಗ ಯಾರೂ ಕ್ಷೌರದಂಗಡಿಯಲ್ಲಿ ಚರ್ಚಿಸಿದ್ದು ನೆನಪಿಲ್ಲ.

ನೀರು ಹೊತ್ತು ಸಾಗಿಸುವುದು ಮೂರ್ಖತನ ಎಂದು ಮೇಲೆ ಬರೆದೆನಲ್ಲ, ಅದಕ್ಕೂ ಎದುರುತ್ತರವಿದೆ. ಥಾಯ್ಲೆಂಡಿನಲ್ಲಿ ಲಾರಿ ಚಾಲಕರೂ ಕೂಲಿಗಳೂ ಕುಡಿಯುತ್ತಿದ್ದ ಒಂದು ಶಕ್ತಿವರ್ಧಕವನ್ನು ಆಸ್ಟ್ರಿಯಾದವನೊಬ್ಬ ಒಯ್ದು, ಗ್ಯಾಸ್ ತುಂಬಿ, 1987ರಲ್ಲಿ ರೆಡ್ ಬುಲ್ ಎಂದು ಮಾರಲು ಶುರುಮಾಡಿದ. ಇವತ್ತಿಗೂ ಆಸ್ಟ್ರಿಯಾ, ಸ್ವಿಟ್ಜರ್‌ಲ್ಯಾಂಡಿನಲ್ಲಿ ಡಬ್ಬಿ ತುಂಬಿಸಿ ಹಲವು ದೇಶಗಳಿಗೆ ಕಳುಹಿಸುತ್ತಾರೆ. ಬೆಲೆ ಸಾಕಷ್ಟು ಇದ್ದರೆ ನೀರೂ ಹಡಗು ಹತ್ತುತ್ತದೆ.

ಇನ್ನು ಉಪ್ಪಾಗೆಯ ಕಥೆ. ಮುರುಗಲಿನ ದಾಯಾದಿಯೇ ಅದು, ಆದರೆ ಹಣ್ಣಾಗುವುದು ಜಡಿಮಳೆಯಲ್ಲಿ. ಬಿಸಿಲು ಸಿಗದ ಕಾರಣ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು. ಅಪ್ಪನ ಕಾಲದಲ್ಲಿ ಮನೆಗೆ ಬೇಕಾದಷ್ಟು ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ, ಅಷ್ಟೇ. 1990ರ ದಶಕದಲ್ಲಿ ಇದ್ದಕ್ಕಿದ್ದಂತೆ ಆ ಸಿಪ್ಪೆಗೆ ಬೆಲೆ ಬಂತು. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದಂತೆ, ಅಮೆರಿಕದಲ್ಲಿ ಗುಳಿಗೆ ಮಾಡಿ ತಿನ್ನುತ್ತಾರಂತೆ. ಆ ಮಳೆಗಾಲಗಳು ನನಗೆ ಚೆನ್ನಾಗಿ ನೆನಪಿವೆ. ನಮ್ಮ ಮನೆಯ ಹಿಂದೆ ಸೋಗೆ ಹೊದೆಸಿದ ಒಂದು ಒಣಗಿಸುವ ಒಲೆ ಎದ್ದಿತು; ಬಿದಿರ ತಟ್ಟಿಯ ಮೇಲೆ ಹಳದಿ ಸಿಪ್ಪೆ ಹರಡಿ ಕೆಳಗೆ ಹಗಲು ರಾತ್ರಿ ಬೆಂಕಿ. ಹೊಗೆ ಮಳೆಯ ಭಾರಕ್ಕೆ ಮೇಲೇಳಲಾರದೆ ಅಂಗಳದ ಉದ್ದಕ್ಕೂ ತೆವಳುತ್ತಿತ್ತು. ಶಾಲೆಯ ಸಮವಸ್ತ್ರದಿಂದ ಹಿಡಿದು ಅನ್ನದವರೆಗೆ ಎಲ್ಲಕ್ಕೂ ಹೊಗೆ ಮತ್ತು ಹುಳಿಯ ವಾಸನೆ. ಮೊದಲೆರಡು ವರ್ಷ ಬಿದ್ದ ಹಣ್ಣು ಹೆಕ್ಕುತ್ತಿದ್ದವರು ಮೂರನೆಯ ವರ್ಷ, ಪಕ್ಕದವನು ಮೊದಲು ಹೆಕ್ಕಿಬಿಟ್ಟಾನು ಎಂದು, ಹಸಿ ಕಾಯಿಯನ್ನೇ ಕೊಂಬೆಸಮೇತ ಇಳಿಸಿದರು. ಕಟ್ಟಿಗೆ ಎಷ್ಟು ಬೆಟ್ಟದಿಂದ ಇಳಿಯಿತೋ ಲೆಕ್ಕ ಇಟ್ಟವರಿಲ್ಲ. 1998ರಲ್ಲಿ ಅಮೆರಿಕದ ವೈದ್ಯರು ಹನ್ನೆರಡು ವಾರ ಅದರ ಸಾರ ಕೊಟ್ಟು ಪರೀಕ್ಷಿಸಿ, ಔಷಧವಿಲ್ಲದ ಗುಳಿಗೆ ನುಂಗಿದವರಿಗಿಂತ ಇವರ ತೂಕ ಹೆಚ್ಚೇನೂ ಇಳಿಯಲಿಲ್ಲ ಎಂದು ಪ್ರಕಟಿಸಿದರು. ನಮ್ಮ ಬೆಟ್ಟದ ಮರಗಳ ಕೊಂಬೆ ಮುರಿದದ್ದು ಕಡಲಾಚೆಯ ಒಂದು 'ಅಂತೆ'.

ಹೀಗಾಗಿ ಹೊರದೇಶ ಎಂಬ ಮಾತು ಕೇಳಿದರೆ ನಮ್ಮ ಕಡೆ ಎರಡು ಬಗೆಯ ಮುಖ ಕಾಣುತ್ತದೆ. ಮಗ ಹೋದರೆ ಪೇಡೆ ಹಂಚುತ್ತೇವೆ. ಕಂಪನಿ ಹೋಗುತ್ತದಂತೆ ಎಂದರೆ ದ್ರೋಹ ಎನ್ನುತ್ತೇವೆ. ಕಾರವಾರಕ್ಕೆ ಬಂದ ಮೊದಲ ಫ್ಯಾಕ್ಟರಿಯಾದರೂ ಎಲ್ಲಿಯದು? 1638ರಲ್ಲಿ ಇಂಗ್ಲಿಷರು ಹಾಕಿದ್ದು. ಅಲ್ಲಿ ಏನೂ ತಯಾರಾಗುತ್ತಿರಲಿಲ್ಲ. ಆ ಕಾಲದಲ್ಲಿ ವ್ಯಾಪಾರದ ಕೋಠಿಗೆ ಫ್ಯಾಕ್ಟರಿ ಎನ್ನುತ್ತಿದ್ದರು. ಘಟ್ಟದ ಮೇಲಿನ ಕಾಳುಮೆಣಸು, ತೆಳು ಬಟ್ಟೆ ಕೊಂಡು ಹಡಗಿಗೆ ತುಂಬುವುದು, ಅಷ್ಟೇ ಕೆಲಸ.

ಗೇಟಿನ ಬಳಿ

ಸಹಿಸಲಾಗದೆ ಒಂದು ಭಾನುವಾರ ಬೈಕ್ ಹತ್ತಿ ಹೋದೆ. ಹದಿನೈದು ವರ್ಷದ ಹಿಂದೆ ಕಚೇರಿಯ ಕೆಲಸದ ಮೇಲೆ ಅದೇ ಗೇಟಿಗೆ ಹೋಗಿದ್ದೆ, ಅದೂ ಮೇ ತಿಂಗಳಿನಲ್ಲಿ. ಆಗ ಗೇಟಿನಿಂದ ರಸ್ತೆಯವರೆಗೆ ಹೆಂಗಸರ ಸಾಲು, ಪ್ರತಿಯೊಬ್ಬರ ಪಕ್ಕದಲ್ಲೂ ಒದ್ದೆಯಾದ ಗೋಣಿಚೀಲ, ಚೀಲದ ತಳದಿಂದ ಮಣ್ಣಿಗೆ ಇಳಿಯುತ್ತಿದ್ದ ಕೆಂಪು ನೀರು. ತೂಕದವನು ಪ್ರತಿ ಚೀಲಕ್ಕೂ ಒಂದು ಕಿಲೋ 'ಕಸ' ಎಂದು ಕಳೆದು ಬರೆದುಕೊಳ್ಳುತ್ತಿದ್ದ. ಒಬ್ಬ ಮುದುಕಿ ಜಗಳ ತೆಗೆದಿದ್ದಳು: "ಕಸವಿದ್ದರೆ ಆರಿಸಿ ನನಗೆ ವಾಪಸು ಕೊಡು, ಮನೆಗೆ ಒಯ್ಯುತ್ತೇನೆ." ಸಾಲಿನಲ್ಲಿದ್ದವರೆಲ್ಲ ನಕ್ಕರು, ತೂಕದವನೂ ನಕ್ಕ, ಆದರೆ ಕಿಲೋ ಮಾತ್ರ ಕಳೆದೇ ಬರೆದ.

ಈ ಸಲ ಸಾಲಿರಲಿಲ್ಲ. ಕ್ರಾಸಿನ ಹತ್ತಿರ ಒಬ್ಬಾಕೆ ಗೇರುಹಣ್ಣು, ಮುರುಗಲ ಹಣ್ಣು ಗುಡ್ಡೆ ಹಾಕಿಕೊಂಡು ಕಾರಿನವರಿಗೆ ಮಾರುತ್ತ ಕುಳಿತಿದ್ದಳು. ಎರಡು ಕಿಲೋ ಕೊಂಡೆ. ಫ್ಯಾಕ್ಟರಿಗೆ ಕೊಡುವುದಿಲ್ಲವೇ ಅಕ್ಕಾ, ಎಂದರೆ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಅವರು ಹಣ್ಣು ತೆಗೆದುಕೊಳ್ಳುವುದು ಬಿಟ್ಟು ನಾಲ್ಕು ಮಳೆಗಾಲ ಆಯಿತು ತಮ್ಮಾ." ಮತ್ತೆ ಈಗ ಹೊರದೇಶಕ್ಕೆ ಹೋಗುತ್ತದಂತಲ್ಲ? "ಹೌದಂತೆ" ಎಂದಳು, ತಕ್ಕಡಿಯಿಂದ ಕಣ್ಣು ತೆಗೆಯದೆ. ಆ 'ಹೌದಂತೆ'ಯಲ್ಲಿ ಬೇಸರವೂ ಇರಲಿಲ್ಲ, ಕುತೂಹಲವೂ ಇರಲಿಲ್ಲ. ಮೂರನೆಯ ಮನೆಯವರ ಮದುವೆಯ ಸುದ್ದಿಯಂತೆ ಹೇಳಿ, ಚಿಲ್ಲರೆ ಎಣಿಸಿಕೊಟ್ಟಳು.

ಎದುರಿನ ಗೂಡಂಗಡಿಯಲ್ಲಿ ಕಂಪನಿಯದೇ ಒಂದು ಬಾಟಲಿ ಕೊಂಡು, ಎಂದೂ ಮಾಡದ ಕೆಲಸ ಮಾಡಿದೆ: ಲೇಬಲಿನ ಹಿಂಬದಿ ಓದಿದೆ. ಅಕ್ಷರಗಳು ಇರುವೆಯ ಕಾಲಿನಷ್ಟು. ನೀರು, ಸಕ್ಕರೆ, ಕೋಕಂ ಸಾಂದ್ರ ರಸ, ಆಮ್ಲತೆಗೆ 330, ಕೆಡದಿರಲು 211, ಬಣ್ಣ 122. ಮುನ್ನೂರ ಮೂವತ್ತು ಎಂದರೆ ಸಿಟ್ರಿಕ್ ಆಮ್ಲ, ಶಿಲೀಂಧ್ರದಿಂದ ತೊಟ್ಟಿಗಳಲ್ಲಿ ತಯಾರಾಗುವ ಹುಳಿ. ಮುರುಗಲಿನ ಕೆಂಪು ಬೆಳಕಿಗೂ ಬಿಸಿಗೂ ಮಂಕಾಗುವಂಥದ್ದು, ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಆದ್ದರಿಂದ ಕೆಂಪೂ ಹೊರಗಿನದು. ಇದರಲ್ಲಿ ಕಾನೂನುಬಾಹಿರ ಯಾವುದೂ ಇಲ್ಲ. ಹಣ್ಣಿನ ಪಾನೀಯ ಎನ್ನಿಸಿಕೊಳ್ಳಲು ಶೇ. 10 ರಸ ಇದ್ದರೆ ಸಾಕು. ಲೇಬಲಿನ ಮುಂಬದಿಯಲ್ಲಿ ಮಾತ್ರ ಹಸಿರು ಬೆಟ್ಟ, ಜಲಪಾತ, ಬುಟ್ಟಿ ಹೊತ್ತ ಹೆಂಗಸು. ಆ ಚಿತ್ರದ ಹೆಂಗಸಿಗೂ ನನಗೆ ಎರಡು ಕಿಲೋ ತೂಗಿಕೊಟ್ಟವಳಿಗೂ ನಡುವೆ ಇದ್ದದ್ದು ಐವತ್ತು ಹೆಜ್ಜೆ.

ಕಾವಲಿನವರು ಪರಿಚಯದವರೇ. ಅವರ ಕುರ್ಚಿಯ ಹಿಂದೆ ಶೆಡ್ಡಿನ ನೆರಳಿನಲ್ಲಿ ನೀಲಿ ಪ್ಲಾಸ್ಟಿಕ್ ಪೀಪಾಯಿಗಳ ಸಾಲು. ಸಾಂದ್ರ ರಸ ಅವುಗಳಲ್ಲಿ ಲಾರಿಯ ಮೇಲೆ ಬರುತ್ತದೆ, ವರ್ಷಪೂರ್ತಿ. ಎಲ್ಲಿಂದ ಎಂದರೆ "ಉತ್ತರದ ಕಡೆಯಿಂದ" ಎಂದರು. ನಾನು ನೇರ ಕೇಳಿದೆ, ಹೋಗುವುದು ನಿಜವೇ? ಅವರು ನಕ್ಕರು. "ಹೋದದ್ದು ಒಂದು ಯಂತ್ರ, ಭಾವಾ. ಗಾಜಿನ ಬಾಟಲಿ ತುಂಬುವ ಹಳೆಯದು. ಪ್ಲಾಸ್ಟಿಕ್ ಬಂದ ಮೇಲೆ ತುಕ್ಕು ಹಿಡಿದು ಕುಳಿತಿತ್ತು. ಗೋವಾದ ಗುಜರಿಯವರು ರಾತ್ರಿ ಬಂದು ತುಂಬಿಸಿಕೊಂಡು ಹೋದರು." ರಾತ್ರಿ, ಲಾರಿ, ಟಾರ್ಪಾಲು ಹೊದೆಸಿದ ಯಂತ್ರ, ಗೋವಾದ ನಂಬರು. ಗೋವಾ ಎಂದದ್ದು ಬಾಯಿಂದ ಬಾಯಿಗೆ ಸವೆದು ಗಲ್ಫ್ ಆಗಿರಬೇಕು ಎಂದು ನನ್ನ ಊಹೆ; ಗಲ್ಫ್ ಆದ ಮೇಲೆ ದುಬೈ ಆಗಲು ಎಷ್ಟು ಹೊತ್ತು?

ನಮ್ಮ ಅಜ್ಜನ ಕಾಲದಲ್ಲಿ ಈ ವದಂತಿ ಅಕ್ಷರಶಃ ನಿಜವೇ ಆಗುತ್ತಿತ್ತು. 1961ರ ಡಿಸೆಂಬರ್ 19ರವರೆಗೆ ಮಾಜಾಳಿ ದಾಟಿದರೆ ಪೋರ್ಚುಗೀಸರ ರಾಜ್ಯ, ಕಾರವಾರದವರ ಹೊರದೇಶ ಸೈಕಲ್ ತುಳಿದರೆ ಸಿಗುವಷ್ಟು ಹತ್ತಿರ. ಈಗ ಅದೇ ಗಡಿಯನ್ನು ಗೋವಾದ ಪೋಳೆಯ ಬಳಿ ದಾಟಿ ಹುಡುಗರು ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳುತ್ತಾರೆ.

ಕಾವಲಿನವರ ಮಾತನ್ನು ಹುಡುಗಿಗೆ ಹೇಳೋಣವೆಂದು ಉತ್ಸಾಹದಿಂದಲೇ ಬಂದೆ. ಅವಳು ಆಗಲೇ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಮಾತನಾಡಿ ಬಂದಿದ್ದಳು, ಒಂದನೇ ತಾರೀಖಿನಿಂದ ಅಲ್ಲಿಗೆ. "ನೀವು ಸುಳ್ಳು ಎಂದಿರಿ ಅಣ್ಣಾ, ಆದರೆ ನಮ್ಮ ಲೈನಿನಲ್ಲಿ ನಾಲ್ಕು ಮಂದಿ ಬಿಟ್ಟಾಯಿತು. ಕಡೆಗೆ ನಾನೊಬ್ಬಳೇ ಉಳಿದರೆ?" ಸ್ಕೂಟರಿನ ಕಂತು ವದಂತಿಗೆ ಕಾಯುವುದಿಲ್ಲ. ಹೀಗೆ ಒಬ್ಬೊಬ್ಬರೇ ಬಿಟ್ಟು ಲೇಬಲ್ ಅಂಟಿಸುವವರೇ ಇಲ್ಲವಾದರೆ ಕಂಪನಿ ಎಲ್ಲಿಗಾದರೂ ಹೋಗಲೇಬೇಕಾದೀತು, ಆಗ ಕ್ಷೌರದಂಗಡಿಯ ಬೆಂಚಿನವರು "ನಾನು ಅಂದೇ ಹೇಳಿರಲಿಲ್ಲವೇ" ಎನ್ನುತ್ತಾರೆ.

ಹಣ್ಣನ್ನು ಮರುದಿನವೇ ಊರಿಗೆ ಒಯ್ದೆ. ಆಯಿಗೆ ಈಗ ಎಂಬತ್ತೆರಡು, ಹೆಬ್ಬೆರಳಿನಲ್ಲಿ ಮೊದಲಿನ ಬಲವಿಲ್ಲ, ಬೀಜ ಕೀಳುವುದು ನನ್ನ ಪಾಲಿಗೆ ಬಂತು. ಕೀಳುತ್ತ ಕೀಳುತ್ತ ಫ್ಯಾಕ್ಟರಿಯ ಕಥೆಯನ್ನೆಲ್ಲ ಹೇಳಿದೆ: ಶ್ರೀಲಂಕಾ, ದುಬೈ, ಪೀಪಾಯಿ, ಗುಜರಿಗೆ ಹೋದ ಯಂತ್ರ. ಅವಳು ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಅಟ್ಟದ ಕೆಳಗಿನ ಕಪಾಟಿನಲ್ಲಿ ಅವಳ ಪಾನಕ ತುಂಬಿಸಿಡುವ ಬಾಟಲಿಗಳಿವೆ. ಮೊದಲ ವರ್ಷಗಳಲ್ಲಿ ಕಂಪನಿ ಗಾಜಿನಲ್ಲಿ ಮಾರುತ್ತಿದ್ದಾಗ ಬಂದವು, ಲೇಬಲು ತೊಳೆದುಹೋಗಿ ಬರಿಯ ಅಂಟಿನ ಗುರುತು ಉಳಿದಿರುವಂಥವು. ಏಳಿದ್ದವು, ಎರಡು ಒಡೆದು ಐದಾಗಿವೆ.

"ಯಂತ್ರ ಹೋಯಿತು ಎಂದೆಯಲ್ಲ," ಎಂದಳು, "ಹಾಗಾದರೆ ಆ ಗಾಜಿನ ಬಾಟಲಿಗಳು ಅವರಿಗೆ ಇನ್ನು ಬೇಡವೇ?"

ಶೆಡ್ಡಿನಲ್ಲಿ ಬಿದ್ದಿರಬಹುದು, ಕೇಳಿ ನೋಡುತ್ತೇನೆ ಎಂದೆ.

"ಕೇಳು. ಹತ್ತು ಸಾಕು. ಬಾಯಿ ಒಡೆದದ್ದು ತರಬೇಡ, ಹೋದ ಸಲ ನೀನು ತಂದದ್ದರಲ್ಲಿ ಒಂದಕ್ಕೆ ಮುಚ್ಚಳವೇ ಕೂರಲಿಲ್ಲ."